ನೆಲ ಬಿಟ್ಟು ನಿಂತ ಗೂಡು

ತುರಾಯಿಪುರವೆಂಬ ರಾಜ್ಯ ಬಾಳಿ ಬದುಕಿದ್ದ ಕಾಲದಲ್ಲಿ, ಅರಮನೆಯ ನೆಲಕ್ಕೆಲ್ಲ ಗಾರೆ ಹಾಕಿದ ಬಿಳಿಯಪ್ಪನೆಂಬ ಮೇಸ್ತ್ರಿಯಿದ್ದ. ಕೈಯೇನೋ ಬಂಗಾರದ್ದು, ಬಾಯಿಗೆ ಮಾತ್ರ ಬೀಗವಿರಲಿಲ್ಲ. ಒಂದು ದಿನ ಮಾಂತ್ರಿಕ ಕುಟಿಲಜಟನ ಗುಹೆಗೆ ಹೋದವನು, “ಸ್ವಾಮಿ, ನಿಮ್ಮ ನೆಲ ವಾರೆ” ಎಂದುಬಿಟ್ಟ. ಮಾಂತ್ರಿಕ ಅವನನ್ನು ನಿಂತಲ್ಲೇ ಹುಂಜ ಮಾಡಿದ. “ನಿನ್ನ ಬಾಲದ ಮೂರು ಉದ್ದ ಗರಿಯನ್ನೂ ನಾನು ಕಿತ್ತ ದಿನ, ನೀನು ಸಾಯುವತನಕ ಹುಂಜವೇ” ಎಂದು ಗಹಗಹಿಸಿದ. ಹುಂಜ ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿ ಬಂತು.

ಹೆಂಡತಿ ದೇವೀರಿಗೆ ಅಳುವುದಕ್ಕೂ ಪುರಸೊತ್ತಿಲ್ಲ. ಹಿತ್ತಲಲ್ಲಿ ಗೂಡು ಕಟ್ಟತೊಡಗಿದಳು. ಹುಂಜವಾದರೂ ಗಂಡನ ಮಾತು ನಿಂತಿರಲಿಲ್ಲ.

“ಮಣ್ಣಿನ ನೆಲ ಹಾಕು. ಸೆಗಣಿ ಹಾಕಿ ಸಾರಿಸು. ತಂಪಾಗಿರುತ್ತೆ.”

ದೇವೀರಿ ಹಾಗೇ ಮಾಡಿದಳು. ಮರುದಿನವೇ ಕುಟಿಲಜಟ ಹೆಗ್ಗಣವಾಗಿ ನೆಲ ಕೊರೆದು ಬಂದು, ಒಂದು ಗರಿ ಕಿತ್ತುಕೊಂಡು ಹೋದ.

“ಕಲ್ಲು ಚಪ್ಪಡಿ ಹಾಸೇ. ಸಂದಿಗೆ ಗಾರೆ ತುಂಬು” ಎಂದಿತು ಹುಂಜ.

ಬೆನ್ನು ಬಗ್ಗಿ ಹೋಗುವಷ್ಟು ಕಲ್ಲು ಹೊತ್ತು ದೇವೀರಿ ಹಾಸಿದಳು. ಇನ್ನೇನು ಮುಗಿಯಿತು ಎನ್ನುವಾಗ ಮತ್ತೆ ರಾಗ: “ತೊಳೆದ ನೀರು ಹೋಗೋಕೆ ತೂಬು ಎಲ್ಲಿ? ತೂಬಿಲ್ಲದ ನೆಲ ನಮ್ಮ ವಂಶದಲ್ಲೇ ಯಾರೂ ಹಾಕಿಲ್ಲ.”

“ಕೋಳಿಗೂಡಿಗೆ ತೂಬಾ?”

“ಕೆಲಸ ಅಂದ್ಮೇಲೆ ಕೆಲಸ.”

ತೂಬು ಇಟ್ಟಳು. ಕುಟಿಲಜಟ ಮುಂಗುಸಿಯಾಗಿ ಅದೇ ತೂಬಿನಲ್ಲಿ ನುಸುಳಿ ಎರಡನೆಯ ಗರಿಯನ್ನೂ ಕಿತ್ತ.

ದೇವೀರಿಯ ತಾಳ್ಮೆ ಹರಿಯಿತು. “ರೀ, ನಿಮ್ಮ ನೆಲವೂ ಬೇಡ, ನಿಮ್ಮ ವಂಶವೂ ಬೇಡ! ಇನ್ನೊಂದು ಗರಿ ಹೋದರೆ ನಾನು ಜೀವಮಾನವಿಡೀ ಹುಂಜಕ್ಕೆ ಕಾಳು ಹಾಕಬೇಕು. ಬಾಯಿ ಮುಚ್ಕೊಂಡು ಕೂತ್ಕೊಳ್ಳಿ!”

ಭೂಮಿಗೆ ಕಾಲು ತಾಗಿದ್ದರಷ್ಟೇ ಕುಟಿಲಜಟನ ಮಾಯೆ ನಡೆಯುತ್ತಿತ್ತು. ಅದಕ್ಕೇ ಅವನು ಮಂಚದ ಮೇಲೂ ಮಲಗುತ್ತಿರಲಿಲ್ಲ. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ದೇವೀರಿ ಎದೆಮಟ್ಟದ ನಾಲ್ಕು ಕಂಬ ನೆಟ್ಟು, ಮೇಲೆ ಗೂಡು ಕಟ್ಟಿ, ತಳಕ್ಕೆ ಬಿದಿರಿನ ದಬ್ಬೆಗಳನ್ನು ಸಂದಿ ಬಿಟ್ಟು ಹೊಡೆದಳು.

“ನೆಲವೇ ಇಲ್ಲದ ಮನೆಯಾ? ನೋಡಿದವರು ನಗ್ತಾರೆ!” ಎಂದು ಹುಂಜ ಗೊಣಗಿತು. ದೇವೀರಿ ಅದನ್ನು ಎತ್ತಿ ಒಳಗೆ ಬಿಟ್ಟು ಬಾಗಿಲೆಳೆದಳು.

ಸಂಜೆ ಕುಟಿಲಜಟ ನರಿಯಾಗಿ ಬಂದ. ಕೊರೆಯಲು ನೆಲವಿಲ್ಲ, ನುಸುಳಲು ತೂಬಿಲ್ಲ. ಗೂಡಿನ ಕೆಳಗೆ ನಿಂತು ಕತ್ತೆತ್ತಿ ನೋಡಿದ. ಭಯಕ್ಕೋ ಏನೋ, ಹುಂಜ ಹಿಕ್ಕೆ ಹಾಕಿತು. ಅದು ಸಂದಿಯಲ್ಲಿ ಇಳಿದು ನೇರ ಮಾಂತ್ರಿಕನ ಹಣೆಗೇ ಬಿತ್ತು.

ಸಿಟ್ಟಿಗೆದ್ದ ನರಿ ಹಾರಿ ಬಾಗಿಲು ಮುರಿದು ಒಳನುಗ್ಗಿತು. ಹುಂಜದ ಅಗಲ ಬೆರಳುಗಳು ದಬ್ಬೆ ಹಿಡಿದು ನಿಂತವು, ನರಿಯ ಸಣ್ಣ ಕಾಲುಗಳು ನಾಲ್ಕೂ ಸಂದಿಯಲ್ಲಿ ಇಳಿದು ಗಾಳಿಯಲ್ಲಿ ನೇತಾಡಿದವು. ಕಾಲು ನೆಲ ಬಿಟ್ಟಿತು, ಅವನು ಮಾಡಿದ್ದ ಮಾಯೆಯೆಲ್ಲ ಆರಿತು. ನರಿಯಿದ್ದಲ್ಲಿ ಒಬ್ಬ ಬಡಕಲು ಮುದುಕ ಸಿಕ್ಕಿಕೊಂಡು ಒದ್ದಾಡುತ್ತಿದ್ದ. ಪಕ್ಕದಲ್ಲಿ ಮೊಣಕಾಲಿಗೆ ಗಲ್ಲ ತಾಗಿಸಿಕೊಂಡು ಬಿಳಿಯಪ್ಪ ಕೂತಿದ್ದ.

ದೇವೀರಿ ಅವನ ಮುಖ ಮುಟ್ಟಿ ನೋಡಿದಳು. ಅಷ್ಟು ದಿನ ತಡೆದಿದ್ದ ಅಳುವೆಲ್ಲ ಆಗ ಬಂತು. ಅತ್ತು ಮುಗಿಸಿ, ಸೆರಗಲ್ಲಿ ಮೂಗೊರೆಸಿಕೊಂಡು, “ಇಳೀರಿ, ಮುದ್ದೆ ಆರ್ತಿದೆ” ಎಂದಳು.

ಮಾಂತ್ರಿಕನನ್ನು ರಾಜಭಟರು ಕಾಲು ನೆಲ ತಾಗದ ಹಾಗೆ ಹೊತ್ತೊಯ್ದರು. ತುರಾಯಿಪುರದ ಹುಂಜಗಳೂ ಗಂಡಂದಿರೂ ಸುಖವಾಗಿ ಮಲಗಿದರು, ದೇವೀರಿಗೂ ಕೊನೆಗೊಮ್ಮೆ ಕಣ್ತುಂಬ ನಿದ್ದೆ ಬಂತು.