ನೂರು ಡಿಗ್ರಿಗೆ ಸಾಯುವ ಯಂತ್ರ

ವಾಚಕ ಮಹಾಶಯರೇ, ಈ ವೃತ್ತಾಂತದಲ್ಲಿ ಹೆಣವನ್ನಾಗಲೀ ರಕ್ತದ ಕಲೆಯನ್ನಾಗಲೀ ನಿರೀಕ್ಷಿಸಬೇಡಿರಿ. ಇಲ್ಲಿ ಪದೇ ಪದೇ ಪ್ರಾಣ ಬಿಟ್ಟದ್ದು ಒಂದು ಕಂಪ್ಯೂಟರು ಮಾತ್ರ. ಆದರೆ ಇಪ್ಪತ್ತೆರಡು ಸಂಸಾರಗಳ ಜೀವ ಅದರ ತಗಡಿನ ಪೆಟ್ಟಿಗೆಯೊಳಗಿನ ಉಷ್ಣಮಾನವನ್ನು ನೆಚ್ಚಿಕೊಂಡಿತ್ತೆಂಬುದನ್ನೂ, ಆ ಸಂಸಾರಗಳಿದ್ದ ಕಟ್ಟಡದ ಮೂರನೆಯ ಮಹಡಿಯ ಬಾಡಿಗೆ ಕೋಣೆಯಲ್ಲಿ ನಾನೂ ಮಲಗುತ್ತಿದ್ದೆನೆಂಬುದನ್ನೂ ಮೊದಲೇ ನಿವೇದಿಸಿಕೊಳ್ಳುತ್ತೇನೆ.

ಗುರುವಾರ, ಬೆಳಗಿನ ಎಂಟು ಗಂಟೆ. ಕಟ್ಟಡಗಳ ಬಲಾಬಲ ಪರೀಕ್ಷಿಸುವ ಎಂಜಿನಿಯರ್ ಮೇಡಂ ತಮ್ಮ ಕಚೇರಿಯ ಬೀಗ ತೆಗೆದಾಗ ಪರದೆ ಕಪ್ಪಾಗಿತ್ತು. ಹಿಂದಿನ ಸಂಜೆ ಅವರು ಲೆಕ್ಕವನ್ನು ಓಡಲು ಬಿಟ್ಟು ಹೋಗಿದ್ದರು. ಅದು ಹತ್ತೇ ನಿಮಿಷಕ್ಕೆ ನಿಂತಿತ್ತು. ಬುಧವಾರದಿಂದ ಇದು ನಾಲ್ಕನೆಯ ಸಾವು.

ಯಾವ ಲೆಕ್ಕ? ನಾನಿದ್ದ ಕಟ್ಟಡದ್ದೇ. ಅದರ ನಾಲ್ಕು ಅಂತಸ್ತುಗಳ ಮೇಲೆ ಐದನೆಯದನ್ನು ಏರಿಸುವ ಸಿದ್ಧತೆ ನಡೆದಿತ್ತು. ಶುಕ್ರವಾರ ಮುಂಜಾನೆ ಕಾಂಕ್ರೀಟ್ ಸುರಿಯುವವರಿದ್ದರು. ನೆಲಮಾಳಿಗೆಯ ಕಂಬವೊಂದರಲ್ಲಿ ಕೂದಲೆಳೆಯಂಥ ಬಿರುಕು ಕಂಡ ನಿವಾಸಿಗಳು ಮೇಡಂ ಬಳಿಗೆ ಓಡಿ ಬಂದಿದ್ದರು. ಅವರು ಉಪಕರಣವಿಟ್ಟು ಆ ಕಂಬದ ಒಡಲನ್ನು ಪರೀಕ್ಷಿಸಿ, ಸಿಕ್ಕ ಅಂಕಿಗಳನ್ನು ಯಂತ್ರಕ್ಕೆ ಉಣಿಸಿದ್ದರು. ಉತ್ತರ ಬರಲು ಏಳು ಗಂಟೆ ಬೇಕು. ಆ ತಂತ್ರಾಂಶದ ಪರವಾನಗಿ ಆ ಒಂದೇ ಯಂತ್ರಕ್ಕಿತ್ತು. ಗುರುವಾರ ಸಂಜೆಯೊಳಗೆ ವರದಿ ನಗರದ ಕಚೇರಿಗೆ ಮುಟ್ಟದಿದ್ದರೆ? — ಕಾಂಕ್ರೀಟ್ ಬೀಳುತ್ತದೆ. ನಮ್ಮೆಲ್ಲರ ತಲೆಯ ಮೇಲೆ.

ಮೇಡಂ ಕರೆಸಿದ್ದು ಕಂಪ್ಯೂಟರ್ ರಿಪೇರಿಯ ಹೆಂಗಸೊಬ್ಬರನ್ನು. ಕಾದ ಯಂತ್ರಗಳ ಕಾಯಿಲೆ ಹಿಡಿಯುವುದರಲ್ಲಿ ಎತ್ತಿದ ಕೈ. ಬೀದಿಯವರೆಲ್ಲ ಅವರನ್ನು ಜ್ವರದಕ್ಕ ಎಂದೇ ಕರೆಯುತ್ತಿದ್ದರು. ಊರೂರು ಅಲೆಯುತ್ತ ಬಂದ ನಾನು ಕೆಲವು ತಿಂಗಳಿಂದ ಅವರ ಸಲಕರಣೆಯ ಚೀಲ ಹೊರುತ್ತಿದ್ದೆ.

ಕಚೇರಿಯಲ್ಲಿ ಮೂವರಿದ್ದರು. ಮೇಡಂ — ನಿದ್ದೆಗೆಟ್ಟು ಕೆಂಪೇರಿದ ಕಣ್ಣುಗಳು. ನಕ್ಷೆ ಬರೆಯುವ ಯುವಕ — ನೆಟ್ಟಗೆ, ತೆಳ್ಳಗೆ ಇದ್ದುದರಿಂದ ‘ಸ್ಕೇಲು’ ಎಂಬ ಅಡ್ಡಹೆಸರು. ಮೂರನೆಯವರು ಮೇಡಂ ಅವರ ಭಾವ, ಅಕ್ಕನ ಗಂಡ. ನಲವತ್ತು ವರ್ಷ ಕಟ್ಟಡಗಳ ಮೇಲ್ವಿಚಾರಣೆ ಮಾಡಿ ನಿವೃತ್ತರಾಗಿ, ಈಗ ದಿನವೂ ಈ ಕಚೇರಿಗೆ ಬಂದು ಕೂರುವವರು. ನಾನಿದ್ದ ಕಟ್ಟಡವನ್ನು ಹದಿನಾಲ್ಕು ವರ್ಷದ ಹಿಂದೆ ನಿಲ್ಲಿಸಿದವರೂ ಅವರೇ. ಲೆಕ್ಕ ಬೇಗ ಮುಗಿಯಲೆಂದು ಎಲ್ಲರಿಗಿಂತ ಹೆಚ್ಚು ಅವಸರಿಸುತ್ತಿದ್ದವರೂ ಅವರೇ. ತಮ್ಮ ಕಂಬಗಳ ಮಾನ ಉಳಿಯಬೇಕಂತೆ.

ಜ್ವರದಕ್ಕ ಮೊದಲು ಪರೀಕ್ಷಿಸಿದ್ದು ಯಂತ್ರವನ್ನಲ್ಲ, ಸ್ಕೇಲನನ್ನು. ಪ್ರತಿ ಬೆಳಿಗ್ಗೆ ಪ್ರೊಸೆಸರ್ ಎಷ್ಟು ಬಿಸಿಯಿದೆಯೆಂದು ಗೋಡೆಯ ಹಾಳೆಯಲ್ಲಿ ಬರೆಯುವ ಅಭ್ಯಾಸ ಅವನಿಗಿತ್ತು.

“ಮಂಗಳವಾರ ಬೆಳಿಗ್ಗೆ ಎಷ್ಟಿತ್ತಪ್ಪ?”

“ಸುಮ್ನಿದ್ದಾಗ ನಲವತ್ತೆರಡು. ಕೆಲಸ ಮಾಡುವಾಗ ಎಪ್ಪತ್ತಾರು.”

“ಬುಧವಾರ?”

“ಸುಮ್ನಿದ್ರೂ ಎಪ್ಪತ್ತು. ಲೆಕ್ಕ ಶುರು ಮಾಡಿದ್ದೇ ತಡ, ನೂರು. ಆಮೇಲೆ ಆಫ್.”

ಭಾವ ನಿಟ್ಟುಸಿರಿಟ್ಟರು. “ಧೂಳು ಕಣಮ್ಮ. ವಯಸ್ಸಾಯ್ತು ಅದಕ್ಕೂ. ನನಗೇ ಎರಡು ಮೆಟ್ಟಿಲು ಹತ್ತಿದ್ರೆ ಏದುಸಿರು.”

“ಧೂಳು ತಿಂಗಳುಗಟ್ಟಲೆ ಕೂರುತ್ತೆ ಯಜಮಾನ್ರೇ, ಬಿಸಿಯೂ ಹಾಗೇ ಮೆಲ್ಲಮೆಲ್ಲಗೆ ಏರುತ್ತೆ,” ಎಂದರು ಜ್ವರದಕ್ಕ. “ಇದು ಒಂದೇ ರಾತ್ರೀಲಿ ಏರಿದ ಜ್ವರ.”

ಮೇಡಂ ಕೇಳಿದ್ದಕ್ಕೆ ಅವರು ವಿವರಿಸಿದರು: ಇಂಥ ಯಂತ್ರ ಸುಮ್ಮನಿದ್ದಾಗ ನಲವತ್ತು, ಐವತ್ತು ಡಿಗ್ರಿ ಸಹಜ, ಮೈಮುರಿದು ದುಡಿಯುವಾಗ ಎಂಬತ್ತೈದರವರೆಗೆ ಬರೀ ಬೆವರು, ಚಿಂತೆಯಿಲ್ಲ, ತೊಂಬತ್ತೈದು ದಾಟಿದರೆ ಅಪಾಯವರಿತು ತಾನೇ ನಿಧಾನಿಸುತ್ತದೆ, ನೂರು ಮುಟ್ಟಿತೋ, ಸುಟ್ಟುಹೋಗುವುದನ್ನು ತಪ್ಪಿಸಿಕೊಳ್ಳಲು ತಾನೇ ಉಸಿರು ಕಟ್ಟಿಕೊಳ್ಳುತ್ತದೆ.

ಪಕ್ಕದ ತಗಡು ಬಿಚ್ಚಿದೆವು. ನಾನು ಟಾರ್ಚ್ ಹಿಡಿದೆ. ಫ್ಯಾನು ತಿರುಗುತ್ತಿತ್ತು. ಧೂಳು ಹೆಸರಿಗಷ್ಟೆ. ಗಾಳಿಯ ಕಿಂಡಿಗಳಿಗೂ ಗೋಡೆಗೂ ಒಂದು ಮೊಳದ ಅಂತರ. ಪ್ರೊಸೆಸರ್‌ನ ಮೇಲೆ ಶಾಖ ಹೀರುವ ಲೋಹದ ದಿಂಡು. ಅದರ ನಾಲ್ಕು ಮೂಲೆಗಳ ಸ್ಕ್ರೂಗಳ ತಲೆಯಿಂದ ಅದನ್ನು ಹಿಡಿದಿಟ್ಟ ಪಟ್ಟಿಯವರೆಗೆ ಒಂದೊಂದು ಹಳದಿ ಗೆರೆ. ಕಾರ್ಖಾನೆಯ ಗುರುತಿರಬೇಕೆಂದು ಗೊಣಗಿ ನಾನು ಟಾರ್ಚನ್ನು ಮುಂದಕ್ಕೆ ಸರಿಸಿದೆ. ಜ್ವರದಕ್ಕ ನನ್ನ ಕೈ ಹಿಡಿದು ಹಿಂದಕ್ಕೆ ತಂದರು. ಕ್ಷಣಹೊತ್ತು ನೋಡಿದರು.

ದಿಂಡನ್ನು ಎತ್ತಿದಾಗ ಮೇಡಂ ಬಾಯಿಗೆ ಕೈ ಅಡ್ಡ ಹಿಡಿದರು. ಎರಡು ಲೋಹಗಳ ನಡುವೆ ಶಾಖವನ್ನು ದಾಟಿಸುವ ಬೂದು ಬಣ್ಣದ ಪೇಸ್ಟ್ ಇರಬೇಕು. ಅದನ್ನು ಒರೆಸಿ ತೆಗೆಯಲಾಗಿತ್ತು. ಆ ಜಾಗದಲ್ಲಿ ಪೊಟ್ಟಣ ಅಂಟಿಸುವ ಟೇಪಿನ ಮೂರು ಪದರ, ಚೌಕವಾಗಿ ಕತ್ತರಿಸಿ ಅಂಟಿಸಿದ್ದು.

“ಇದು ಕಾಯಿಲೆಯಲ್ಲ ಮೇಡಂ. ಕತ್ತು ಹಿಸುಕಿದ್ದಾರೆ.”

ಕೈಗೆ ಸಿಕ್ಕಿದ್ದ ಹೊತ್ತು ಹಿಡಿ ಮರಳಿನಂತೆ ಸೋರುತ್ತಿತ್ತು.

ಅನುಮಾನ ಹರಿದದ್ದು ಒಬ್ಬನ ಕಡೆಗೇ. ಆ ಮೇಜಿನ ಮುಂದೆ ದಿನವೂ ಕೂರುವವನು ಸ್ಕೇಲು. ಕಂಪ್ಯೂಟರ್ ಬಿಚ್ಚಲು ಬಲ್ಲವನು ಅವನೇ. ಮಿಗಿಲಾಗಿ, ಐದನೆಯ ಮಹಡಿ ಕಟ್ಟುತ್ತಿದ್ದ ಗುತ್ತಿಗೆದಾರ ಅವನನ್ನು ಕೆಲಸಕ್ಕೆ ಕರೆದಿದ್ದನೆಂಬ ಸುದ್ದಿಯನ್ನು ಭಾವನವರು ಆಗಲೇ, ಬೇಸರದ ದನಿಯಲ್ಲಿ, ಹೊರಗೆಡವಿದರು. ಮೇಡಂ ನಿಜವೇ ಎಂದು ಕೇಳಿದರು. ನಿಜವೆಂದು ಅವನು ಒಪ್ಪಿಕೊಂಡ. ಬೀಗದ ಕೈ ಮೇಜಿನ ಮೇಲಿಟ್ಟು ಹೊರಡಬೇಕೆಂದು ಮೇಡಂ ಹೇಳಿದರು.

ಸ್ಕೇಲು ಬೀಗದ ಕೈ ಇಟ್ಟ. “ಕರೆದಿದ್ದು ನಿಜ ಮೇಡಂ. ಬರಲ್ಲ ಅಂತ ಹೇಳಿ ಬಂದಿದ್ದೂ ನಿಜ. ಅದನ್ನ ಯಾರೂ ನಿಮಗೆ ಹೇಳ್ಲಿಲ್ವಾ?”

“ಹೋಗೋದು ಹೋಗ್ತಾನೆ, ಒಂದು ಸ್ಕ್ರೂ ಬಿಗಿದು ಹೋಗ್ಲಿ,” ಎಂದು ಜ್ವರದಕ್ಕ ನಡುವೆ ಬಂದರು.

ಅವರು ಟೇಪು ಕಿತ್ತು, ಸ್ಪಿರಿಟ್ಟಿನಲ್ಲಿ ಲೋಹ ತೊಳೆದು, ಕಡಲೆಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ದಿಂಡನ್ನು ಕೂರಿಸಿದರು. ಪಕ್ಕದ ತಗಡು ಮುಚ್ಚುವುದಷ್ಟೇ ಉಳಿದಿತ್ತು. ಮಣಿಕಟ್ಟು ನೋಯುತ್ತಿದೆಯೆಂದು ಹೇಳಿ ಒಂದು ಸ್ಕ್ರೂವನ್ನು ಸ್ಕೇಲನ ಕೈಗಿತ್ತರು, ಇನ್ನೊಂದನ್ನು ಭಾವನವರಿಗೆ.

“ನನಗೆ ಇದರ ಗಂಧಗಾಳಿ ಗೊತ್ತಿಲ್ಲಮ್ಮ,” ಎಂದರು ಭಾವ.

“ಬೋಲ್ಟು ಬೋಲ್ಟೇ ಅಲ್ವಾ ಯಜಮಾನ್ರೇ? ನಲವತ್ತು ವರ್ಷದ ಕೈ.”

ಸ್ಕೇಲು ಬಿಗಿದ, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ದೂರ ನಿಂತ. ಭಾವ ಬಿಗಿದರು. ಮತ್ತೆ ಕಾಲು ಸುತ್ತು ಬಿಗಿದರು. ಅವರ ಕಣ್ಣು ಮೇಡಂ ಮುಖದ ಮೇಲಿತ್ತು. ಎಡಗೈ ಮಾತ್ರ ತನ್ನಷ್ಟಕ್ಕೆ ಅಂಗಿಯ ಜೇಬಿಗೆ ಹೋಯಿತು. ದಪ್ಪನೆಯ ಪೆನ್ನೊಂದು ಹೊರಬಂತು. ಮುಚ್ಚಳ ಕಳಚಿತು. ಸ್ಕ್ರೂವಿನ ತಲೆಯಿಂದ ತಗಡಿನವರೆಗೆ ಒಂದು ಗೆರೆ.

ಹಳದಿ.

ಪೆನ್ನು ಜೇಬಿಗೆ ಮರಳುವ ಮುನ್ನವೇ ಅವರಿಗೆ ಅರಿವಾಯಿತು. ಕೈ ಅಲ್ಲೇ ನಿಂತಿತು.

“ಸೈಟಿನಲ್ಲಿ ಬೋಲ್ಟ್ ಬಿಗಿದ ಮೇಲೆ ಈ ಗೆರೆ ಎಳೀತಾರೆ,” ಎಂದರು ಜ್ವರದಕ್ಕ, ದನಿ ಏರಿಸದೆ. “ನಾಳೆ ಬೋಲ್ಟ್ ಸಡಿಲವಾದ್ರೆ ಗೆರೆ ಮುರಿದು ಕಾಣ್ಲಿ ಅಂತ. ಒಳಗಿನ ನಾಲ್ಕು ಸ್ಕ್ರೂ ಮೇಲೂ ಇದೇ ಗೆರೆ ಇತ್ತು. ನಮ್ಮ ಹುಡುಗ ಕಾರ್ಖಾನೆ ಗುರುತು ಅಂದ್ಕೊಂಡ. ಕಳೆದ ವರ್ಷ ಅವನ್ನ ಬಿಗಿದವಳು ನಾನು. ನಾನು ಗೆರೆ ಎಳೆದಿರ್ಲಿಲ್ಲ. ಆವತ್ತು ಪಕ್ಕದಲ್ಲಿ ನಿಂತು ‘ಈ ಪೇಸ್ಟ್ ಹಚ್ಚದೇ ಹೋದ್ರೆ ಏನಾಗುತ್ತೆ’ ಅಂತ ಕೇಳಿದವರು ಯಾರು? ಮೇಡಂ, ನೀವೇ ಹೇಳಿ, ಮಂಗಳವಾರ ಸಂಜೆ ಕೊನೇಗೆ ಬೀಗ ಹಾಕಿದವರು ಯಾರು? ಕತ್ತು ಹಿಸುಕೋವಾಗಲೂ ಕೆಲಸ ಅಚ್ಚುಕಟ್ಟಾಗಿರ್ಬೇಕು ಅನ್ನೋ ಕೈ ನಿಮ್ಮದು ಯಜಮಾನ್ರೇ. ಬೇರೆಯವರಿಗೆ ಅದು ಬರಲ್ಲ.”

ಮೇಡಂ ತಿರುಗಿದರು. “ಭಾವ?”

ಅವರು ಕುರ್ಚಿಯಲ್ಲಿ ಕುಸಿದರು. ಹೇಳಿದ್ದೆಲ್ಲ ತುಂಡು ತುಂಡು. ಹದಿನಾಲ್ಕು ವರ್ಷದ ಹಿಂದಿನ ಒಂದು ಮಧ್ಯಾಹ್ನ. ಕಂಬಿ ತರುವ ಲಾರಿ ದಾರಿಯಲ್ಲಿ ಕೆಟ್ಟು ನಿಂತಿತ್ತು. ಕಾಂಕ್ರೀಟ್ ಆಗಲೇ ಕಲಸಿಯಾಗಿತ್ತು, ಬಿಟ್ಟರೆ ಗಟ್ಟಿಯಾಗುತ್ತದೆ. ಒಂದು ಕಂಬಕ್ಕೆ ಹನ್ನೆರಡು ಕಂಬಿ ಬೇಕು. ಅದರ ಪಾಲಿಗೆ ಬಂದದ್ದು ಎಂಟು. ಎಂಟಕ್ಕೇ ಸುರಿಸಿಬಿಟ್ಟರು.

“ನಾಳೆ ಹೇಳೋಣ ಅಂದ್ಕೊಂಡೆ ಕಣಮ್ಮ. ನಾಳೆ ನಾಳೆ ಅನ್ನೋದ್ರೊಳಗೆ ಅದರ ಮೇಲೆ ಒಂದು ಅಂತಸ್ತು ಏರಿತ್ತು. ಆಮೇಲೆ ಯಾವ ಬಾಯಲ್ಲಿ ಹೇಳ್ಲಿ? ನಿಂತಿದೆಯಲ್ಲ, ನಿಂತೇ ಇರುತ್ತೆ ಅಂತ...”

“ಅದು ನಾನು ಪರೀಕ್ಷೆ ಮಾಡಿದ ಕಂಬ,” ಎಂದರು ಮೇಡಂ. ಬಳಿಕ, ಏನೋ ಹೊಳೆದವರಂತೆ, ನಿಧಾನವಾಗಿ ಕೇಳಿದರು: “ಅದೊಂದೇನಾ ಭಾವ?”

ಭಾವ ಕೈಯಲ್ಲಿದ್ದ ಹಳದಿ ಪೆನ್ನನ್ನು ಮೇಜಿನ ಮೇಲಿಟ್ಟರು.

“ಮೂರು.”

ಮೇಡಂ ನಕ್ಷೆ ಹಾಸಿದರು. ಭಾವನ ಬೆರಳು ಮೂರು ಕಡೆ ಊರಿತು. ಮೂರೂ ಒಂದೇ ಸಾಲಿನಲ್ಲಿ, ನನ್ನ ಕೋಣೆಯ ನೇರ ಕೆಳಗೆ. ಮೇಡಂ ಹಳೆಯ ಅಂಕಿಗಳನ್ನು ಅಳಿಸಿ ಹೊಸದನ್ನು ತುಂಬಿದರು. ಬೀಗದ ಕೈಯನ್ನು ಎತ್ತಿ ಸ್ಕೇಲನ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದರು. ಅವನು ಹೋಗಿ ತನ್ನ ಕುರ್ಚಿಯಲ್ಲಿ ಕುಳಿತ. ಅಂಕಿಯಿಲ್ಲದ ಬರೀ ಬಾಯಿಮಾತಿಗೆ ನಗರದ ಕಚೇರಿ ಅಲುಗುವಂಥದ್ದಲ್ಲ. ಒಂಬತ್ತೂ ಮುಕ್ಕಾಲಿಗೆ ಲೆಕ್ಕ ಓಡತೊಡಗಿತು. ಅರವತ್ತು ಡಿಗ್ರಿ. ಎಪ್ಪತ್ತು. ಎಪ್ಪತ್ತೈದು. ಅಲ್ಲಿಗೆ ನಿಂತಿತು. ಏಳು ಗಂಟೆಗಳ ಕಾಲ ಐದು ಜನ ಒಂದು ಅಂಕಿಯನ್ನು ನೋಡುತ್ತ ಕುಳಿತೆವು. ಯಾರೂ ಊಟದ ಮಾತೆತ್ತಲಿಲ್ಲ.

ಸಂಜೆ ಐದಕ್ಕೆ ಹದಿನೈದು ನಿಮಿಷವಿರುವಾಗ ಪರದೆಯ ಮೇಲೆ ಕಟ್ಟಡದ ಚಿತ್ರ ಮೂಡಿತು. ಮೂರು ಕಂಬಗಳು ಕೆಂಪು. ಐದನೆಯ ಮಹಡಿಯ ಭಾರವಿಲ್ಲದ ಎರಡನೆಯ ಚಿತ್ರವೂ ಜೊತೆಗೇ ಬಂತು, ಅಲ್ಲೂ ಕೆಂಪೇ. ಹೊಸದನ್ನು ಕಟ್ಟುವ ಮಾತು ಹಾಗಿರಲಿ, ಇರುವ ನಾಲ್ಕೂ ಆ ಸಂಜೆಯೇ ಖಾಲಿಯಾಗಬೇಕಿತ್ತು.

ಮೇಡಂ ನಗರದ ಕಚೇರಿಗೆ ಫೋನ್ ಮಾಡಿದರು. ವರದಿಯ ಕೊನೆಯ ಸಾಲಿನಲ್ಲಿ ಭಾವನ ಹೆಸರು ಬರೆದರು. ಅಕ್ಕನಿಗೆ ಫೋನ್ ಮಾಡಲು ಮಾತ್ರ ಎದ್ದು ಹೊರಗೆ ಹೋದರು.

ಬೆಳಕಿರುವಾಗಲೇ ಇಪ್ಪತ್ತೆರಡು ಸಂಸಾರಗಳು ಇಳಿದವು. ಹಾಸಿಗೆ, ಹೊಲಿಗೆ ಯಂತ್ರ, ಅಳುವ ಕೂಸು, ಬರಲೊಲ್ಲದ ಅಜ್ಜ. ಮೆಟ್ಟಿಲಲ್ಲಿ ಎಲ್ಲರೂ ಪಿಸುಮಾತಿನಲ್ಲೇ ಮಾತನಾಡುತ್ತಿದ್ದರು, ಗೋಡೆಗಳನ್ನು ಎಚ್ಚರಿಸಬಾರದೆಂಬಂತೆ. ನೆಲಮಾಳಿಗೆಯಲ್ಲಿ ಭಾವನವರು ಕಬ್ಬಿಣದ ಆಸರೆಗಳನ್ನು ನಿಲ್ಲಿಸಿ ಬೆಣೆ ಹೊಡೆಯುತ್ತಿದ್ದರು. ಸ್ಕೇಲು ಟಾರ್ಚ್ ಹಿಡಿದಿದ್ದ. ಮೇಲೆ ಬರಬೇಕೆಂದು ಮೇಡಂ ಮೂರು ಸಲ ಕೂಗಿದರು.

“ಎಲ್ಲರೂ ಇಳೀಲಿ ಕಣಮ್ಮ. ಆಮೇಲೆ ಬರ್ತೀನಿ.”

ನಾನು ಕೊನೆಯವರಲ್ಲೊಬ್ಬನಾಗಿ ಕೋಣೆಗೆ ಹೋದೆ. ಎರಡು ಅಂಗಿ, ಕಂಬಳಿ, ಕಿತ್ತುಹೋದ ರಟ್ಟಿನ ಕಾದಂಬರಿಗಳು. ನನ್ನ ಆಸ್ತಿಯನ್ನೆಲ್ಲ ಚೀಲಕ್ಕೆ ತುರುಕಲು ಎರಡೇ ನಿಮಿಷ. ಗೋಡೆಯೊಳಗೆಲ್ಲೋ ಒಣ ಕಡ್ಡಿ ಮುರಿದಂಥ ಸದ್ದು. ಮೆಟ್ಟಿಲುಗಳನ್ನು ಎಣಿಸದೆ ಇಳಿದೆ.

ಬೀದಿಯಲ್ಲಿ ಜ್ವರದಕ್ಕ ನಿಂತಿದ್ದರು. ಅವರ ಸಲಕರಣೆಯ ಚೀಲವನ್ನು ಅವರಿಗೆ ಒಪ್ಪಿಸಿದೆ. ಎಲ್ಲಿಗೆಂದು ಅವರು ಕೇಳಲಿಲ್ಲ. ಕಿಟಕಿ ಮುಚ್ಚಿದೆಯಾ ಎಂದಷ್ಟೇ ಕೇಳಿದರು. ಮರೆತಿದ್ದೆ, ಮೂರನೆಯ ಮಹಡಿಯಲ್ಲಿ ನನ್ನ ಪರದೆ ಹೊರಗೆ ಹಾರುತ್ತಿತ್ತು. ಆ ವೇಳೆಗೆ ಬಾಗಿಲಿಗೆ ಅಡ್ಡ ಹಗ್ಗ ಕಟ್ಟಿಯಾಗಿತ್ತು. ಭಾವನವರು ಇನ್ನೂ ಹೊರಗೆ ಬಂದಿರಲಿಲ್ಲ. ಕೆಳಗಿನಿಂದ ಸುತ್ತಿಗೆಯ ಪೆಟ್ಟು ಒಂದೇ ಸಮನೆ ಕೇಳುತ್ತಿತ್ತು. ಸ್ಕೇಲು ಅವರ ರಟ್ಟೆ ಹಿಡಿದು ಮೆಟ್ಟಿಲ ಬಾಯಿಗೆ ಎಳೆದು ತರುವವರೆಗೆ ನಿಂತು ನೋಡಿದೆ. ಆಮೇಲೆ ನನ್ನ ಚೀಲವನ್ನು ಹೆಗಲಿಗೇರಿಸಿ, ಬಸ್ ನಿಲ್ದಾಣದ ದಾರಿ ಹಿಡಿದೆ.