ಹಿಂದಿನ ಸೀಟಿನ ಬಿಸಿ

ನಾರ್ವೆಯ ಟ್ರೊಮ್ಸೊದಲ್ಲಿ ನಾವೆಲ್ಲ ಬೆಳಗಿನ ಕಾಫಿ ಕುಡಿಯುತ್ತಲೇ ಫೋನಿನ ಆ್ಯಪ್‌ನಿಂದ ಹೊರಗಿನ ಎಲೆಕ್ಟ್ರಿಕ್ ಕಾರನ್ನು ಬೆಚ್ಚಗೆ ಮಾಡಿಕೊಳ್ಳುವವರು. ನನ್ನ ಹಳೆಯ ಕಾರಿಗೆ ಅಕ್ಟೋಬರ್‌ನಲ್ಲಿ ನೆಟ್‌ವರ್ಕ್ ನಿಂತಿತು, ಆ್ಯಪ್ ಸತ್ತುಹೋಯಿತು. ಜನವರಿಯ ಒಂದು ಬೆಳಿಗ್ಗೆ ನೋಡಿದರೆ, ಹಿಮಗಟ್ಟಿದ ಆ ಕಾರಿನ ಹಿಂಬದಿಯ ಗಾಜೊಂದರಿಂದ ನೀರು ಇಳಿಯುತ್ತಿತ್ತು.

“ಏನೇ ಟೋರಿಲ್, ಗುಟ್ಟಾಗಿ ಹೊಸ ಆ್ಯಪ್ ಹಾಕಿಸ್ಕೊಂಡ್ಯಾ?” ಎಂದು ಪಕ್ಕದ ಮನೆಯ ಸಿಗ್ರುನ್ ಛೇಡಿಸಿದಳು.

ಬಾಗಿಲು ತೆಗೆದೆ. ನನ್ನ ಸೀಟು ಕೊರೆಯುತ್ತಿತ್ತು. ಅದರ ಹಿಂದಿನ ಸೀಟು ಮಾತ್ರ, ಯಾರೋ ಈಗಷ್ಟೇ ಎದ್ದುಹೋದಂತೆ ಬಿಸಿಯಾಗಿತ್ತು. ಕಾರಿನ ಕಂಪನಿಗೆ ಫೋನ್ ಮಾಡಿದೆ.

“ಅಕ್ಟೋಬರ್‌ನಿಂದ ನಿಮ್ಮ ಕಾರಿನ ಸುದ್ದೀನೇ ನಮಗಿಲ್ಲ ಮೇಡಂ,” ಎಂದಳು ಅಲ್ಲಿನವಳು. “ಹಿಂದಿನ ಸೀಟಾ? ನಿಮ್ಮ ಮಾಡೆಲ್‌ನಲ್ಲಿ ಅದಕ್ಕೆ ಹೀಟರೇ ಇಲ್ವಲ್ಲ!”

ಅಂದಿನಿಂದ ನಾನು ಬಸ್ಸಿನಲ್ಲೇ ಓಡಾಡುತ್ತೇನೆ. ಕಾರಿನ ಬ್ಯಾಟರಿ ಪೂರ್ತಿ ಖಾಲಿಯಾಗಿ ಎರಡು ವಾರವಾಯಿತು. ಇವತ್ತು ಬೆಳಿಗ್ಗೆಯೂ ಆ ಒಂದು ಗಾಜಿನ ಮೇಲೆ ಹಿಮವಿರಲಿಲ್ಲ.