ನೆತ್ತಿಯ ಗುರುತು

ಇಟಲಿಯ ಗುಡ್ಡಗಳ ನಡುವಿನ ವಲ್ದೋರಾ ರಾಜಧಾನಿಯಲ್ಲಿ ಇಗರ್ಜಿಯ ಗಂಟೆಗಳು ಬೆಳಗಿನಿಂದ ಬಡಿದುಕೊಳ್ಳುತ್ತಲೇ ಇದ್ದವು. ಪ್ರಾರ್ಥನೆಗೆ ಮಂಡಿಯೂರಿದ್ದಾಗಲೇ ರಾಜ್ಯವಾಳುವ ಪ್ರಭು ಇರಿತಕ್ಕೆ ಬಲಿಯಾಗಿ ಇನ್ನೂ ಹೆಚ್ಚು ದಿನವಾಗಿರಲಿಲ್ಲ. ಕೊಲೆಗಾರನ ಕಡೆಯವರೆಂಬ ಅನುಮಾನಕ್ಕೆ ಸಿಕ್ಕವರೆಲ್ಲ ಚೌಕದ ಕಂಬಗಳಲ್ಲಿ ಹೆಣವಾಗಿ ತೂಗುತ್ತಿದ್ದರು. ಆ ಹೆಣಗಳ ನೆರಳಲ್ಲೇ ರೊಟ್ಟಿ ಮಾರುವವಳು ರೊಟ್ಟಿ ಮಾರುತ್ತಿದ್ದಳು, ಮೀನಿನವಳು ಕೂಗುತ್ತಿದ್ದಳು. ಅರಮನೆಯ ಗೋಡೆಗೆ ಅಟ್ಟಣೆ ಕಟ್ಟಿ, ಗೋಣಿಯ ಪರದೆ ಇಳಿಬಿಟ್ಟು, ಅದರ ಹಿಂದೆ ಬ್ರಿಜಿದಾ ಎಂಬ ಚಿತ್ರಗಾರ್ತಿ ಹಸಿ ಗಾರೆಯ ಮೇಲೆ ಒಬ್ಬ ಮನುಷ್ಯನನ್ನು ತಲೆಕೆಳಗಾಗಿ ನೇತುಹಾಕುತ್ತಿದ್ದಳು.

ರಾಜದ್ರೋಹಿಯನ್ನು ಕೊಲ್ಲುವ ಮೊದಲು ಅವನ ಚಿತ್ರವನ್ನು ಹೀಗೆ ಕಾಲು ಮೇಲಾಗಿ ಬರೆಸಿ ಊರಿಗೆ ತೋರಿಸುವುದು ಅಲ್ಲಿಯ ಪದ್ಧತಿ. ಈ ಸಲದ ದ್ರೋಹಿ ರಾಜವೈದ್ಯ ಲಾಜರೊ. ಹೆಣ ಕೊಯ್ದು ಒಳಗೇನಿದೆಯೆಂದು ನೋಡಿದವನು, ಮಸೂರದ ಕೊಳವೆಯಲ್ಲಿ ಚಂದ್ರನನ್ನು ನೋಡಿ ಅಲ್ಲಿಯೂ ಹಳ್ಳದಿಣ್ಣೆಗಳಿವೆ ಎಂದವನು. ಅವನ ಚೂರಿಯೇ ಪ್ರಭುವಿನ ಬೆನ್ನಲ್ಲಿ ಸಿಕ್ಕಿತ್ತು. "ದೇವರ ಚಂದ್ರನಲ್ಲೇ ಹುಳುಕು ಹುಡುಕಿದವನು ದೊರೆಯನ್ನು ಬಿಟ್ಟಾನೆಯೇ?" ಎಂದು ಓರ್ಸಾತೊ ಸಭೆಯಲ್ಲಿ ಕೇಳಿದಾಗ ಯಾರೂ ಉಸಿರೆತ್ತಲಿಲ್ಲ. ಅವನು ಬಿಷಪ್ಪನೂ ಹೌದು, ಮಹಾಮಂತ್ರಿಯೂ ಹೌದು; ತೊಟ್ಟಿಲಲ್ಲಿದ್ದ ಯುವರಾಜ ಬೆಳೆಯುವವರೆಗೆ ರಾಜ್ಯವೆಲ್ಲ ಅವನದೇ.

ಬ್ರಿಜಿದಾ ಉಸಿರೆತ್ತಬಹುದಿತ್ತು. ಕೊಲೆಯಾದಾಗ ಅವಳು ಪ್ರಾರ್ಥನಾಮಂದಿರದ ಛಾವಣಿಗೆ ಬಣ್ಣ ಹಚ್ಚುತ್ತಾ ಎತ್ತರದ ಹಲಗೆಯ ಮೇಲೆ ಮಲಗಿದ್ದಳು. ಹಲಗೆಯ ಸಂದಿನಿಂದ ಕಂಡದ್ದು ಕೊಲೆಗಾರನ ಮುಖವಲ್ಲ, ಮುಸುಕು ಜಾರಿದ ಬೋಳು ನೆತ್ತಿ. ಅದರ ಮೇಲೆ ಕುಡುಗೋಲಿನಂತೆ ಬಾಗಿದ ಸುಟ್ಟ ಕಲೆ. ಲಾಜರೊನ ತಲೆಯಲ್ಲೋ ಪೊದೆಯಂಥ ಕೂದಲು. ಆದರೆ ಯಾರ ನೆತ್ತಿ ಎಂದು ಕೇಳಿದರೆ ಏನು ಹೇಳುವುದು? ಊರವರ ತಲೆಗಳನ್ನೆಲ್ಲ ಬಗ್ಗಿಸಿ ನೋಡಲಾಗುತ್ತದೆಯೇ?

ಅತ್ತ ಸೆರೆಮನೆಯಲ್ಲಿ ಲಾಜರೊ ಕೂಡ ಬಾಯಿ ಬಿಟ್ಟಿರಲಿಲ್ಲ. ಅವನು ಹೆಣ ಕೊಯ್ಯುವಾಗ ಪಕ್ಕದಲ್ಲಿ ನಿಂತು ಸ್ನಾಯುಗಳ ಚಿತ್ರ ಬರೆದವಳು ಬ್ರಿಜಿದಾ. ಆ ಪಾಪಕ್ಕೆ ಜೀವಂತ ಸುಡುವುದೇ ಶಿಕ್ಷೆ. ಜೊತೆಗಾರರು ಯಾರೆಂದು ಕೇಳುತ್ತಾ ಹಗ್ಗಕ್ಕೆ ಕಟ್ಟಿ ತೋಳು ತಿರುಚಿದರು, ಬೆರಳು ಮುರಿದರು. ಅವನು ಅವಳ ಹೆಸರು ಹೇಳಲಿಲ್ಲ.

ಗಾರೆಯ ಚಿತ್ರವನ್ನು ಮೇಲಿನಿಂದ ಕೆಳಕ್ಕೇ ಬರೆಯಬೇಕು, ಇಲ್ಲದಿದ್ದರೆ ಬರೆದದ್ದರ ಮೇಲೆ ಬಣ್ಣ ಸೋರುತ್ತದೆ. ಹೀಗಾಗಿ ಮೊದಲು ಪಾದ, ಆಮೇಲೆ ನಿಲುವಂಗಿ ಮುಗಿದು, ಶಿಕ್ಷೆಯ ದಿನ ಬೆಳಿಗ್ಗೆ ತಲೆಯೊಂದು ಉಳಿದಿತ್ತು. ಓರ್ಸಾತೊ ಪರದೆ ಸರಿಸಿ ಒಳಗೆ ಬಂದ.

"ಇನ್ನೂ ಮುಗಿಯಲಿಲ್ಲವೇನಮ್ಮಾ?"

"ತಲೆ ಉಳಿದಿದೆ, ಮಹಾಸ್ವಾಮಿ. ತೆಗೆಯುವುದು ತಮಗೆ ಸಲೀಸು. ಬರೆಯುವವರಿಗೆ ಕಷ್ಟ."

"ನಿನ್ನ ನಾಲಿಗೆ ಕುಂಚಕ್ಕಿಂತ ಉದ್ದ. ಮಧ್ಯಾಹ್ನ ಪರದೆ ಬೀಳಬೇಕು. ಹೆಣದ ಚರ್ಮ ಸುಲಿದವನ ಚರ್ಮವನ್ನು ಇವತ್ತು ಜೀವ ಇರುವಾಗಲೇ ಸುಲಿಸುತ್ತೇನೆ."

ಹೇಳುತ್ತಾ ಟೋಪಿ ತೆಗೆದು ಬೆವರು ಒರೆಸಿಕೊಂಡ. ಆಳೆತ್ತರ ಮೀರಿದ ಆ ಮನುಷ್ಯನ ನೆತ್ತಿಯನ್ನು ನೆಲದ ಮೇಲೆ ನಿಂತವರು ಯಾರೂ ಕಂಡಿರಲಿಲ್ಲ. ಬ್ರಿಜಿದಾ ಅವನ ತಲೆಗಿಂತ ಎತ್ತರದ ಹಲಗೆಯಲ್ಲಿದ್ದಳು. ಅದೇ ಕುಡುಗೋಲು.

ಅವನು ಪರದೆ ದಾಟಿ ಹೋದ. ಅಟ್ಟಣೆಯ ಹಿಂದಿನ ಓಣಿ ತೆರೆದೇ ಇತ್ತು, ಓಡಿಹೋಗಬಹುದಿತ್ತು. ಅವಳು ಕೆಳಗಿಳಿದು ಹೊಸ ಗಾರೆ ಕಲಸಿದಳು.

ಮಧ್ಯಾಹ್ನ ಚೌಕದ ತುಂಬ ಜನ, ಕೈತುಂಬ ಕಲ್ಲು. ಬಂಡಿಯ ಮೇಲೆ ಕಟ್ಟಿದ್ದ ಲಾಜರೊನ ಪಕ್ಕದಲ್ಲಿ ಕಟುಕ ಚೂರಿ ಮಸೆಯುತ್ತಿದ್ದ. ಪರದೆ ಬಿತ್ತು. ತಲೆಕೆಳಗಾದ ಮುಖ ಮೊದಲು ಯಾರಿಗೂ ಗುರುತಾಗಲಿಲ್ಲ. ಮೀನಿನವಳು ಸೊಂಟ ಬಗ್ಗಿಸಿ, ಕತ್ತು ತಿರುಗಿಸಿ ನೋಡಿದಳು.

"ಅಯ್ಯೋ ಯೇಸುವೇ! ಇದು ವೈದ್ಯನಲ್ಲ ಕಣ್ರೇ, ನಮ್ಮ ಬಿಷಪ್ಪನ ಮೂಗು!"

ನಗು ಎದ್ದು, ಅಷ್ಟೇ ಬೇಗ ಅಡಗಿತು. ಅಟ್ಟಣೆಯ ಮೇಲಿಂದ ಬ್ರಿಜಿದಾ, ಓರ್ಸಾತೊನ ಪಕ್ಕದ ಪೀಠದಲ್ಲಿ ಕುಳಿತಿದ್ದ ಪ್ರಭುವಿನ ವಿಧವೆ ಇಸೊತ್ತಾ ರಾಣಿಗೆ ಕೈಮುಗಿದಳು.

"ಮಹಾರಾಣಿಯವರೇ, ಪ್ರಭುಗಳನ್ನು ಇರಿದವನನ್ನು ನಾನು ಛಾವಣಿಯಿಂದ ಕಂಡೆ. ಕಂಡ ನೆತ್ತಿಯನ್ನು ಸುಟ್ಟ ಕಲೆಯ ಸಮೇತ ಹಾಗೇ ಬರೆದಿದ್ದೇನೆ. ಅದು ಯಾರ ಟೋಪಿಯಡಿ ಇದೆಯೋ ನೋಡಿಸಿ."

"ಮಾಟಗಾತಿ! ಹೊಡೆಯಿರಿ!" ಎಂದು ಓರ್ಸಾತೊ ಅರಚಿದ.

ಅವನ ಬಿಲ್ಲಾಳು ಬಿಟ್ಟ ಬಾಣ ಅವಳ ಬಲಗೈಯನ್ನು ಹಸಿ ಗಾರೆಗೆ ನೆಟ್ಟಿತು. ಇನ್ನೊಂದು ಪಕ್ಕೆಯೊಳಗೆ ಇಳಿಯಿತು. ಗಾರೆ ಆ ನೆತ್ತರನ್ನೂ ಇನ್ನೊಂದು ಬಣ್ಣದಂತೆ ಹೀರಿಕೊಂಡಿತು.

ರಾಣಿ ಎದ್ದು ನಿಂತಳು. "ಮಂಡಿಯೂರಿ, ಬಿಷಪ್ಪರೇ."

"ದೇವರಿಗಲ್ಲದೆ ನಾನು ಯಾರಿಗೂ—"

"ದೇವರಿಗೇ ಊರಿ. ಟೋಪಿ ನಾನು ತೆಗೆಯುತ್ತೇನೆ."

ಕಾವಲಿನವನು ಈಟಿಯ ಹಿಡಿಯಿಂದ ಅವನ ಮಂಡಿಯ ಹಿಂಬದಿಗೆ ಹೊಡೆದ. ರಾಣಿ ಟೋಪಿ ಕಿತ್ತು ನೆತ್ತಿಯನ್ನು ನೋಡಿದಳು, ಗೋಡೆಯನ್ನು ನೋಡಿದಳು, ಬೆನ್ನು ತಿರುಗಿಸಿ ನಡೆದಳು. ಅಷ್ಟು ಸಾಕಾಯಿತು. ವೈದ್ಯನಿಗೆಂದು ತಂದ ಕಲ್ಲುಗಳೆಲ್ಲ ಬಿಷಪ್ಪನ ಮೇಲೆ ಬಿದ್ದವು. ಇನ್ನೂ ಒದ್ದಾಡುತ್ತಿದ್ದವನ ಕಾಲಿಗೆ ಹಗ್ಗ ಬಿಗಿದು, ಚಿತ್ರದ ಪಕ್ಕದ ತೊಲೆಗೇ ತಲೆಕೆಳಗಾಗಿ ಎಳೆದರು.

ಕಟ್ಟು ಬಿಚ್ಚಿಸಿಕೊಂಡ ಲಾಜರೊ, ಕೆಳಗಿಳಿಸಿದ ಬ್ರಿಜಿದಾಳ ಪಕ್ಕೆಯನ್ನು ಮುರಿದ ಬೆರಳುಗಳಲ್ಲೇ ಅದುಮಿ ಹಿಡಿದ. ನೆತ್ತರು ನಿಲ್ಲುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

"ಕದಲಬೇಡ, ಮಗಳೇ."

"ನಿಮಗೂ ಕೈಯಿಲ್ಲ, ನನಗೂ ಕೈಯಿಲ್ಲ. ಒಳ್ಳೆ ಗುರು, ಒಳ್ಳೆ ಶಿಷ್ಯೆ." ಅವಳು ಉಸಿರು ಎಳೆದುಕೊಂಡಳು. "ಗುರುಗಳೇ, ಮೂಗು ಹೋಲುತ್ತದೆಯೇ?"

ಅವನು ತೂಗುತ್ತಿದ್ದವನನ್ನೂ ಗೋಡೆಯನ್ನೂ ನೋಡಿದ. "ಸ್ವಲ್ಪ ಉದ್ದವಾಯಿತು."

"ಬೇಕೆಂದೇ ಬರೆದೆ," ಎಂದಳು ಬ್ರಿಜಿದಾ.

ಆ ನಾಲಿಗೆ ಸುಮ್ಮನಾದದ್ದು ಅದೇ ಮೊದಲು.